ಕಾಡಿನ ಮನೆಯಲ್ಲಿ ನಡೆದದ್ದು ದುಡಿಮೆ
ಅಮೆರಿಕದ ಸಂಗೀತ ತಂಡ ಬೋನ್ ಇವೇರ್ ಕುರಿತ ನಿಮ್ಮ ಲೇಖನ ಓದಿ ಸಂತೋಷವಾಯಿತು. ಆದರೆ ಅದನ್ನು ಕಟ್ಟಿದ ಗಾಯಕ ಜಸ್ಟಿನ್ ವೆರ್ನನ್ ಅವರನ್ನು ಕಲಾವಿದನನ್ನಾಗಿ ಮಾಡಿದ್ದು ಕಾಡಿನ ಮನೆಯ ಒಂಟಿತನ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2006ರ ಕೊನೆಯಲ್ಲಿ ಅವರು ವಿಸ್ಕಾನ್ಸಿನ್‌ನಲ್ಲಿ ತಂದೆಯ ಬೇಟೆಮನೆ ಸೇರಿದ್ದು ನಿಜ. ಅವರ ಹಿಂದಿನ ತಂಡ ಒಡೆದಿತ್ತು, ಆರೋಗ್ಯ ಕೆಟ್ಟಿತ್ತು. ಆದರೆ ಆ ಚಳಿಗಾಲದಲ್ಲಿ ನಡೆದದ್ದು ದುಡಿಮೆ. ತೆಳುವಾಗಿ ಮೇಲಕ್ಕೇರಿಸಿದ ತಮ್ಮದೇ ದನಿಯನ್ನು ಮತ್ತೆ ಮತ್ತೆ ಧ್ವನಿಮುದ್ರಿಸಿ, ಪದರದ ಮೇಲೆ ಪದರ ಇಟ್ಟು, ಒಬ್ಬರೇ ಒಂದು ಮೇಳವಾದರು.

ನಮ್ಮ ಮೂಡಿಗೆರೆಯಲ್ಲಿ ಆಷಾಢದ ಮಳೆ ಹಿಡಿದರೆ ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಅಂಥ ಒಂದು ರಾತ್ರಿ, ಮೊಬೈಲಿನಲ್ಲಿ ಉಳಿದಿದ್ದ ಚೂರು ಚಾರ್ಜಿನಲ್ಲಿ ಆ ಬೇಟೆಮನೆಯಲ್ಲಿ ಹುಟ್ಟಿದ ಮೊದಲ ಆಲ್ಬಂ ಕೇಳಿದೆ. ತಗಡಿನ ಮೇಲೆ ಮಳೆ ಸುರಿಯುತ್ತಿತ್ತು, ಒಲೆಯ ಬಳಿ ಒಣಗಲು ಹಾಕಿದ್ದ ಕಂಬಳಿಯ ವಾಸನೆ. ಗಿಟಾರಿನ ತಂತಿಯ ಮೇಲೆ ಬೆರಳು ಜಾರುವ ಸದ್ದೂ ಕಿವಿಗೆ ಬಿತ್ತು. ಅದನ್ನು ಅಳಿಸದೆ ಬಿಟ್ಟದ್ದು ಎಂಥ ವಿವೇಕ!

2012ರ ಗ್ರ್ಯಾಮಿ ಪ್ರಶಸ್ತಿಯನ್ನು ಲೇಖನ ಹೇಳಿದೆ. ಅದೇ ವಿಸ್ಕಾನ್ಸಿನ್ ರಾಜ್ಯದ ಫಾಲ್ ಕ್ರೀಕ್‌ನ ಹಳೆಯ ಪಶು ಚಿಕಿತ್ಸಾಲಯವೊಂದನ್ನು ಸ್ಟುಡಿಯೋ ಮಾಡಿಕೊಂಡು ಅವರು ಹುಟ್ಟೂರಿನ ಬಳಿಯೇ ಬೇರು ಬಿಟ್ಟದ್ದನ್ನು ಹೇಳಿಲ್ಲ. ನನಗೆ ಪ್ರಶಸ್ತಿಗಿಂತ ಅದೇ ದೊಡ್ಡದು. ಇಲ್ಲಿ ಚೆನ್ನಾಗಿ ಹಾಡುವ ಹುಡುಗರನ್ನು ಜನ ಮೊದಲು ಕೇಳುವುದೇ, ಬೆಂಗಳೂರಿಗೆ ಯಾವಾಗ ಹೋಗುತ್ತೀಯ ಎಂದು.