ಕಡತದಲ್ಲಿ ಒಣಗಿದ ದಾರಿ

ನವಲಗುಂದ, ನರಗುಂದ ಸೀಮೆಯ ಎರೆಹೊಲದ ದಾರಿಗಳು ಮಳೆಗಾಲದಲ್ಲಿ ಬಲು ಅತಿಥಿಪ್ರಿಯ. ಬಂದವರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಚಪ್ಪಲಿ ಇಟ್ಟುಕೊಂಡು ಕಾಲನ್ನು ಮಾತ್ರ ಮರಳಿಸುತ್ತವೆ. ಹೂತ ಟ್ರ್ಯಾಕ್ಟರನ್ನು ಎಳೆಯಲು ಬಂದ ಟ್ರ್ಯಾಕ್ಟರಿಗೂ ಅಲ್ಲೇ ವಸ್ತಿ. ಬೆಣ್ಣೆಹಳ್ಳ ಉಕ್ಕಿದರಂತೂ ಕಟಾವಿಗೆ ಬಂದ ಹೆಸರುಕಾಳು ಗಿಡದಲ್ಲೇ ಮೊಳೆಯುತ್ತದೆ. ರೈತ ಈಚೆ ದಡದಲ್ಲಿ ನಿಂತು ನೋಡಬಹುದು, ಅದಕ್ಕೆ ಅರ್ಜಿ ಬೇಕಿಲ್ಲ.

ಕಾರಣ ಕುರಿ ಕಾಯುವ ಹುಡುಗನಿಗೂ ಗೊತ್ತು. ಬಂಡಿ ಓಡಾಡಿ ಓಡಾಡಿ ದಾರಿ ತಗ್ಗಾಗಿದೆ, ಎರಡೂ ಬದಿಯ ಹೊಲಗಳು ಎತ್ತರದಲ್ಲಿವೆ. ಸುತ್ತಲಿನ ನೀರೆಲ್ಲ ದಾರಿಗೇ ಇಳಿಯುತ್ತದೆ. ಬದಿಗೆ ಚರಂಡಿ ತೋಡಬೇಕು, ದಾರಿಯನ್ನು ಏರಿಸಿ ನಡುವೆ ಉಬ್ಬಿಸಬೇಕು, ನೀರು ಅಡ್ಡ ಹಾಯುವಲ್ಲಿ ಪೈಪು ಹೂಳಬೇಕು. ಮೇಲೆ ಹಾಸುವ ಗರಸು, ಅಂದರೆ ಜಲ್ಲಿಮಣ್ಣು, ಆಮೇಲೆ. ನಮ್ಮಲ್ಲಿ ಗರಸಿನಿಂದಲೇ ಆರಂಭ, ಗರಸಿನಲ್ಲೇ ಮುಕ್ತಾಯ. ನೀರು ಕುಡಿದ ಎರೆಮಣ್ಣು ಎಷ್ಟು ಟಿಪ್ಪರ್ ಸುರಿದರೂ ನುಂಗುತ್ತದೆ, ಮರುವರ್ಷ ಮತ್ತೆ ಬಾಯಿ ತೆರೆಯುತ್ತದೆ. ಪಂಚಾಯಿತಿಯ ಕ್ರಿಯಾ ಯೋಜನೆಗೆ ಇದಕ್ಕಿಂತ ನಂಬಿಕಸ್ಥ ಗಿರಾಕಿ ಎಲ್ಲಿ ಸಿಗಬೇಕು?

‘ನಮ್ಮ ಹೊಲ ನಮ್ಮ ದಾರಿ’ ಎಂದು ಉದ್ಯೋಗ ಖಾತರಿಯಲ್ಲಿ ಕೆಲಸ ಹಿಡಿದರೆ ನಿಯಮಗಳು ಎದುರಾಗುತ್ತವೆ. ಗುತ್ತಿಗೆದಾರರು ಇರಕೂಡದು, ಕೂಲಿಯವರ ಕೆಲಸ ಕಸಿಯುವ ಯಂತ್ರ ಇಳಿಯಕೂಡದು. (ರಾತ್ರಿ ಜೆಸಿಬಿ ಸದ್ದು ಕೇಳಿಸಿದರೆ ಅದು ನಿಮ್ಮ ಕಿವಿಯ ದೋಷ.) ವೆಚ್ಚದಲ್ಲಿ ಕೂಲಿ ಶೇ 60ಕ್ಕಿಂತ ಕೆಳಗೆ ಇಳಿಯಬಾರದು, ಸಾಮಗ್ರಿ ಶೇ 40 ದಾಟಬಾರದು. ಕೂಲಿಯವರ ಹಿತಕ್ಕೆ ಮಾಡಿದ ಒಳ್ಳೆಯ ನಿಯಮವೇ. ಆದರೆ ಲೆಕ್ಕ ಸರಿದೂಗಿಸಲು ಕುಳಿತಾಗ ಅಂದಾಜು ಪಟ್ಟಿಯಿಂದ ಮೊದಲು ತೇಲಿಹೋಗುವುದು ಆ ಪೈಪು. ನಾಮಫಲಕ ಮಾತ್ರ ಸಿಮೆಂಟಿನದು, ಪ್ರವಾಹಕ್ಕೂ ಜಗ್ಗುವುದಿಲ್ಲ.

2023ರ ಜನವರಿಯಿಂದ ಹಾಜರಾತಿಯೂ ಮೊಬೈಲಿನಲ್ಲೇ, ದಿನಕ್ಕೆ ಎರಡು ಫೋಟೊ. 2025–26ರಲ್ಲಿ 370 ರೂಪಾಯಿ ಇದ್ದ ದಿನಗೂಲಿಗಾಗಿ ಗುದ್ದಲಿ ಹಿಡಿದು ಸಾಲಾಗಿ ನಿಂತವರು ನೆಟ್‌ವರ್ಕ್ ಬರುವಷ್ಟರಲ್ಲಿ ಕೆಸರಿನಲ್ಲಿ ಮೊಣಕಾಲವರೆಗೆ ಇಳಿದಿರುತ್ತಾರೆ.

ದೂರು ಕೊಟ್ಟರೆ ಉತ್ತರ ಸಿದ್ಧವಿದೆ: ಕಾಮಗಾರಿ ಪೂರ್ಣಗೊಂಡಿದೆ, ಪೂರ್ಣಗೊಂಡ ದಾರಿಯಲ್ಲಿ ಕೆಸರು ಇರಲು ಅವಕಾಶವಿಲ್ಲ.

ಹಾಗಾಗಿ ನನ್ನದೊಂದು ಸಲಹೆ. ಮುಂದಿನ ಗ್ರಾಮಸಭೆಯಲ್ಲಿ ಈ ದಾರಿಯನ್ನು ಕೆರೆಯೆಂದು ದಾಖಲಿಸಿ. ಹೂಳೆತ್ತುವುದು ಪೂರ್ತಿ ಮಣ್ಣಿನ ಕೆಲಸ, 60:40ರ ತಕರಾರಿಲ್ಲ. ನೀರು ನಿಂತರೆ ಸಾಧನೆ. ಮೀನುಮರಿ ಬಿಡುವವರು ಬೇಗ ಬರಲಿ, ಅವರ ಜೀಪು ಹೂತರೆ ಎಳೆಯಲು ಟ್ರ್ಯಾಕ್ಟರ್ ಒಳಗೇ ಇದೆ.