ಟೈರಿಗೊಂದು ಒದೆ, ಗಾಡಿಗೆ ಎರಡಿಂಚು

ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಹಳೆಯ ಫೋರ್ ವೀಲ್ ಗಾಡಿಯನ್ನು ಕೊಡಗಿನ ಗೋಣಿಕೊಪ್ಪ ಪೇಟೆಯಲ್ಲಿ ಐದು ನಿಮಿಷ ನಿಲ್ಲಿಸುವ ಹಾಗಿಲ್ಲ. ಮೊಟ್ಟೆ, ಸೊಪ್ಪು ಹಿಡಿದು ವಾಪಸ್ ಬರುವಷ್ಟರಲ್ಲಿ ಬಾನೆಟ್ ಪಕ್ಕ ಒಬ್ಬರು ಕೈ ಹಿಂದೆ ಕಟ್ಟಿಕೊಂಡು ನಿಂತಿರುತ್ತಾರೆ. ಯಾವ ಇಸವಿಯ ಗಾಡಿ, ಎಷ್ಟು ಓಡಿದೆ, ಏನು ಹೊರುತ್ತದೆ, ಒಂದನ್ನೂ ಕೇಳುವುದಿಲ್ಲ. ಮುಂದಿನ ಎಡ ಟೈರಿಗೆ ಒಂದು ಒದೆ. ಒದ್ದ ಕಾಲನ್ನು ನೆಲಕ್ಕಿಟ್ಟು, ತಲೆ ಸ್ವಲ್ಪ ವಾಲಿಸಿ, ಸದ್ದು ಪೂರ್ತಿ ಆರುವವರೆಗೆ ಕಾದು, ಆಮೇಲೆ ತೀರ್ಪು: "ಎರಡಿಂಚು ಎತ್ತಿಸಿ ಅಣ್ಣ. ಟೈರ್ ದೊಡ್ಡದು ಹಾಕಿ. ಗಾಡಿ ಬೇರೇನೇ ಆಗ್ತದೆ."

ಎತ್ತಿಸುವುದೆಂದರೆ ಸ್ಪ್ರಿಂಗಿನ ಕಡೆ ಏನಾದರೂ ಮಾಡಿ ಗಾಡಿಯ ಮೈಯನ್ನು ನೆಲದಿಂದ ಅಷ್ಟು ಮೇಲೇರಿಸುವುದು. ಬೇರೆಯೇ ಆಗುತ್ತದೆ ಎನ್ನುವುದರಲ್ಲಿ ಎರಡು ಮಾತಿಲ್ಲ. ಹೆದರಿಕೆ ಇರುವುದೇ ಅಲ್ಲಿ. ನಿನ್ನೆಯೂ ಇದೇ ಒದೆ, ಇದೇ ತೀರ್ಪು ಆಯಿತು. ಈ ಬರಹ ಇಷ್ಟು ಬಿಸಿಯಾಗಿರುವುದು ಅದಕ್ಕೇ.

ಒದೆಯುವವರಲ್ಲಿ ಪಂಗಡಗಳಿವೆ. ಶೂ ಹಾಕಿದವರು ಸೈಡ್‌ವಾಲಿಗೆ, ಅಂದರೆ ಟೈರಿನ ಪಕ್ಕದ ಗೋಡೆಗೆ, ಒದೆಯುತ್ತಾರೆ. ಗಂಬೂಟಿನವರು ತೋಟದಿಂದ ನೇರ ಬಂದವರು, ಅವರ ಒದೆಗೆ ಟೈರಿನ ಕೆಸರು ಉದುರುತ್ತದೆ, ಅಷ್ಟಾದರೂ ಉಪಕಾರ. ಹವಾಯಿ ಚಪ್ಪಲಿಯವರು ಒದೆಯುವುದಿಲ್ಲ, ಹಿಮ್ಮಡಿಯಿಂದ ಒತ್ತಿ ನೋಡುತ್ತಾರೆ. ಎಲ್ಲರೂ ಸಂತೆಯಲ್ಲಿ ಹಲಸಿನಹಣ್ಣು ತಟ್ಟಿದ ಹಾಗೆ ಆ ಸದ್ದಿನಲ್ಲಿ ಏನನ್ನೋ ಕೇಳಿಸಿಕೊಳ್ಳುತ್ತಾರೆ. ಟೈರಿನೊಳಗೆ ಗಾಳಿಯ ಒತ್ತಡ 26 ಪಿಎಸ್‌ಐ ಇದೆಯೋ 34 ಇದೆಯೋ ಯಾವ ಕಾಲಿಗೂ ತಿಳಿಯುವುದಿಲ್ಲ. ದಪ್ಪ ಸೈಡ್‌ವಾಲಿನ ಟೈರಾದರೆ ಗಾಳಿ ಅರ್ಧಕ್ಕಿಳಿದರೂ ಠಣ್ ಎನ್ನುತ್ತದೆ. ಗಾಳಿ ನೋಡುವ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಡ್ಯಾಶ್‌ಬೋರ್ಡಿನೊಳಗೆ ಹಿಡಿಯುತ್ತದೆ, ಆದರೆ ಅದಕ್ಕೆ ತಲೆ ವಾಲಿಸುವ ಗತ್ತು ಇಲ್ಲ.

ಒದೆಯ ನಂತರದ್ದು ಎರಡನೇ ಪರೀಕ್ಷೆ. ಬಂಪರ್ ಮೇಲೆ ಎರಡೂ ಕೈ ಊರಿ, ಉಸಿರು ಬಿಗಿಹಿಡಿದು ಗಾಡಿಯನ್ನು ಒಮ್ಮೆ ಕುಕ್ಕುವುದು. ಗಾಡಿ ಕದಲದಿದ್ದರೆ, "ಶಾಕ್ ಕಲ್ಲಿನ ಹಾಗೆ ಉಂಟು." ಶಾಕ್ ಎಂದರೆ ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್. ಕಾರಿಗೆ ಈ ಪರೀಕ್ಷೆ ತಕ್ಕಮಟ್ಟಿಗೆ ನಡೆಯುತ್ತದೆ, ಒತ್ತಿ ಬಿಟ್ಟ ಮೇಲೆ ಒಂದೂವರೆ ಕುಣಿತದಲ್ಲಿ ನಿಲ್ಲಬೇಕು. ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗಿನ ಮಾರುತಿ ಜಿಪ್ಸಿಗೋ ಜೀಪಿಗೋ ಇದು ನಡೆಯದು. ಹತ್ತಾರು ಮಳೆಗಾಲ ಕಂಡ ಪ್ಲೇಟುಗಳು ಒಂದಕ್ಕೊಂದು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ, ಆ ತಿಕ್ಕಾಟವೇ ಗಾಡಿಯನ್ನು ಹಿಡಿದು ನಿಲ್ಲಿಸಿರುತ್ತದೆ. ಶಾಕ್ ಸತ್ತು ಎಷ್ಟೋ ವರ್ಷವಾಗಿದ್ದರೂ ಬಂಪರ್ ಕದಲುವುದಿಲ್ಲ. ಶಾಕಿನ ಗತಿ ತಿಳಿಯಬೇಕಾದರೆ ಗಾಡಿಯ ಅಡಿಗೆ ಹೋಗಬೇಕು. ಮೈ ಮೇಲೆ ಎಣ್ಣೆ ಒಸರಿ ಧೂಳು ಅಂಟಿಕೊಂಡಿದೆಯೇ, ತುದಿಯ ಬಳೆಯೊಳಗಿನ ರಬ್ಬರ್ ಬುಶ್ ಒಡೆದಿದೆಯೇ ನೋಡಬೇಕು. ಅನುಮಾನವಿದ್ದರೆ ಕೆಳಗಿನ ಬೋಲ್ಟ್ ಕಳಚಿ ಕೈಯಿಂದ ಎಳೆದು ಒತ್ತಬೇಕು. ಬಿಗಿ ಉದ್ದಕ್ಕೂ ಒಂದೇ ಸಮ ಇರಬೇಕು; ಮಧ್ಯದಲ್ಲೆಲ್ಲೋ ಕೈ ಸುಮ್ಮನೆ ಜಾರಿದರೆ ಅದರ ಕಥೆ ಮುಗಿಯಿತು. ಇಷ್ಟಕ್ಕೆಲ್ಲ ಮಣ್ಣಿನಲ್ಲಿ ಮಲಗಬೇಕು, ಸಲಹೆ ಕೊಡುವವರ ಪ್ಯಾಂಟು ಸದಾ ಇಸ್ತ್ರಿ ಮಾಡಿದ್ದು.

ಈಗ ಆ ಎರಡಿಂಚಿಗೆ ಬರೋಣ. ಎರಡು ಪಕ್ಕದ ಚಕ್ರ ಸೇರಿಸುವ ಆಕ್ಸಲ್ ಇಡೀ ಒಂದೇ ತುಂಡಾಗಿರುವ ಗಾಡಿಯಲ್ಲಿ ಸ್ಪ್ರಿಂಗ್ ಎತ್ತರಿಸಿದರೆ ಏರುವುದು ಚಾಸಿ, ಬಾಡಿ ಮತ್ತು ಕೂತವರು. ಆಕ್ಸಲಿನ ಮಧ್ಯದಲ್ಲಿ ಗೇರುಗಳಿರುವ ಡಿಫರೆನ್ಶಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ತೋಟದ ರಸ್ತೆಯ ದಿಬ್ಬಕ್ಕೆ ಬಡಿಯುವುದು ಆ ಗುಂಡೇ. ಅದನ್ನು ಮೇಲೆತ್ತುವುದು ದೊಡ್ಡ ಟೈರ್ ಮಾತ್ರ, ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು.

ಜಿಪ್ಸಿಗೆ, ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿಯನ್ನು, ಅಂದರೆ ಶಾಕಲನ್ನು, ಉದ್ದದ್ದು ಹಾಕುವುದು ಅಗ್ಗದ ದಾರಿ. ಆದರೆ ಶಾಕಲ್ ಹೆಚ್ಚಿದ ಉದ್ದದಲ್ಲಿ ಅರ್ಧ ಮಾತ್ರ ಎತ್ತರವಾಗಿ ಸಿಗುತ್ತದೆ. 50 ಮಿಲಿಮೀಟರ್ ಬೇಕಿದ್ದರೆ ಶಾಕಲ್ 100 ಮಿಲಿಮೀಟರ್ ಹೆಚ್ಚು ಉದ್ದ ಬೇಕು. ಅಷ್ಟು ಉದ್ದ ಹಾಕಿದರೆ ಮುಂದಿನ ಆಕ್ಸಲ್ ಓರೆಯಾಗಿ ಕ್ಯಾಸ್ಟರ್ ಎಂಬ ಓರೆಕೋನ ಕೆಡುತ್ತದೆ. ತಿರುವು ಮುಗಿದ ಮೇಲೆ ತಾನಾಗಿ ನೆಟ್ಟಗಾಗಬೇಕಾದ ಸ್ಟಿಯರಿಂಗ್ ಸಂಪಾಜೆ ಘಾಟಿಯ ಪ್ರತಿ ತಿರುವಿನಲ್ಲೂ "ಈಗ ಎತ್ತ?" ಎಂದು ಕೇಳುತ್ತದೆ. ಓರೆ ಪ್ಲೇಟು ಇಟ್ಟು ಸರಿಮಾಡಬಹುದು, ಆದರೆ ಅದನ್ನು ಕಿಟ್ಟಿನ ಜೊತೆ ಯಾರೂ ತಾವಾಗಿ ಕೊಡುವುದಿಲ್ಲ.

ಮುಂದಿನ ಚಕ್ರಗಳಿಗೆ ಸ್ಪ್ರಿಂಗಿನ ಬದಲು ತಿರುಚುವ ಸರಳು, ಟಾರ್ಷನ್ ಬಾರ್, ಇರುವ ಹಳೆಯ ಥಾರ್ ಸಿಆರ್‌ಡಿಇ, ಹಳೆಯ ಸಫಾರಿಗಳ ಪಾಡು ಇನ್ನೊಂದು ಥರ. ಅಲ್ಲಿ ಎತ್ತುವುದೆಂದರೆ ಸ್ಪ್ಯಾನರ್ ಹಾಕಿ ಬೋಲ್ಟ್ ತಿರುಗಿಸುವುದು, ಅರ್ಧ ಗಂಟೆಯ ಕೆಲಸ, ಅದಕ್ಕೇ ಎಲ್ಲರಿಗೂ ಇಷ್ಟ. ಹೀಗೆ ಎತ್ತಿದರೆ ಸಸ್ಪೆನ್ಷನ್ನಿನ ಓಡಾಟ ಒಂದು ಮಿಲಿಮೀಟರೂ ಹೆಚ್ಚುವುದಿಲ್ಲ. ಚಕ್ರ ಕೆಳಗಿಳಿಯಲು ಇದ್ದ ಜಾಗ ಖರ್ಚಾಗುತ್ತದೆ, ಅಷ್ಟೇ. ಹೊಂಡ ಸಿಕ್ಕಾಗ ಚಕ್ರ ಇಳಿಯಲು ಹೋಗಿ ಠಕ್ ಎಂದು ನಿಲ್ಲುತ್ತದೆ. ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಕೋನ ಕಡಿದಾಗಿ ಅದರ ಕೀಲು ಮುಚ್ಚುವ ರಬ್ಬರ್ ಬೂಟ್ ಹರಿಯುತ್ತದೆ, ಗ್ರೀಸ್ ಹೊರಗೆ ಬರುತ್ತದೆ, ಕೆಂಪು ಕೆಸರು ಒಳಗೆ ಹೋಗುತ್ತದೆ. ಬಾಲ್ ಜಾಯಿಂಟ್‌ಗೂ ಆಯುಸ್ಸು ಕಮ್ಮಿ. ಚಕ್ರ ನಿಲ್ಲುವ ಕೋನಗಳಾದ ಟೋ, ಕ್ಯಾಂಬರ್ ಎರಡೂ ಕೆಟ್ಟು ಹೊಸ ಟೈರ್ ಒಂದೇ ಪಕ್ಕ ಸವೆಯುತ್ತದೆ. ಹಾಗೆ ಸವೆದ ಟೈರಿಗೂ ಒಂದು ದಿನ ಒದೆ ಬೀಳುತ್ತದೆ: "ಈ ಕಂಪನಿ ಟೈರ್ ಸರಿ ಇಲ್ಲ."

ಎತ್ತಲೇಬೇಕೆಂದಿದ್ದರೆ ಜೊತೆಗೆ ಬರುವ ಪರಿವಾರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಎತ್ತರ ಹೆಚ್ಚಿದರೂ ಹಳೆಯ ಅಳತೆಯ ಶಾಕನ್ನೇ ಉಳಿಸಿದರೆ ಚಕ್ರ ನೇತಾಡಿದಾಗ ಆಕ್ಸಲಿನ ಭಾರವೆಲ್ಲ ಶಾಕಿನ ಮೇಲೆ ಬಿದ್ದು ಅದರ ಬ್ರಾಕೆಟ್ಟೇ ಕಿತ್ತುಬರುತ್ತದೆ. ಹೊಸ ಶಾಕ್ ಚಕ್ರ ಪೂರ್ತಿ ಇಳಿದಾಗಲೂ ಎಳೆದುಕೊಳ್ಳಬಾರದು, ಚಕ್ರ ಮೇಲೇರಿ ತಡೆ ರಬ್ಬರನ್ನು, ಬಂಪ್ ಸ್ಟಾಪನ್ನು, ಮುಟ್ಟಿದಾಗಲೂ ಒಳಗೆ ಸ್ವಲ್ಪ ಜಾಗ ಉಳಿಸಿಕೊಂಡಿರಬೇಕು. ಎರಡೂ ಅಳತೆಯನ್ನು ಟೇಪ್ ಹಿಡಿದು ತೆಗೆದ ಮೇಲೆಯೇ ಆರ್ಡರ್. ಬ್ರೇಕ್ ಹೋಸ್ ಉದ್ದದ್ದು ಬೇಕು. ಆಕ್ಸಲಿಗೆ ಎಂಜಿನ್ನಿನ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ನೋಡಬೇಕು, ಇಲ್ಲವಾದರೆ ಅಡಿಯಿಂದ ನಡುಕ ಶುರು. ಕಾಯಿಲ್ ಸ್ಪ್ರಿಂಗಿನ ಹಿಂದಿನ ಆಕ್ಸಲಾದರೆ ಅಡ್ಡ ರಾಡ್ ಅದನ್ನು ಒಂದು ಪಕ್ಕಕ್ಕೆ ಎಳೆದು, ಗಾಡಿ ಹಿಂದಿನಿಂದ ನೋಡುವವರಿಗೆ ಓರೆಯಾಗಿ ಓಡುತ್ತಿರುವಂತೆ ಕಾಣುತ್ತದೆ. ಎರಡಿಂಚು ಎನ್ನಲು ಎರಡು ಸೆಕೆಂಡ್ ಸಾಕು.

ಸ್ಪ್ರಿಂಗಿನ ಆಯ್ಕೆಯಲ್ಲಿ ನಮ್ಮೂರಿನವರಿಗೆ ಒಂದು ಖಾಯಿಲೆ. ಕಾಫಿ ಕೊಯ್ಲಿನಲ್ಲಿ ಒಂದೆರಡು ಸಲ 50 ಕೆಜಿಯ ಹತ್ತು ಮೂಟೆ ಏರುತ್ತದೆ, ಮಳೆಗೆ ಮುಂಚೆ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ 200 ಲೀಟರ್ ಡ್ರಮ್ ಏರುತ್ತದೆ. ಆ ದಿನಗಳಿಗೆಂದು ಒಂದು ಪ್ಲೇಟು ಹೆಚ್ಚಿಗೆ ಸೇರಿಸುತ್ತಾರೆ. ಉಳಿದ ದಿನವೆಲ್ಲ ಗಂಡ ಹೆಂಡತಿ ಇಬ್ಬರೇ ಮಡಿಕೇರಿಗೆ ಹೋಗಿಬರುವಾಗ ಹಿಂದಿನ ಸೀಟಿನ ಹೆಲ್ಮೆಟ್ ಚಾವಣಿಗೆ ಬಡಿಯುತ್ತದೆ. ಗಟ್ಟಿ ಸ್ಪ್ರಿಂಗ್ ಭಾರವಿಲ್ಲದಾಗ ಟೈರನ್ನು ರಸ್ತೆಗೆ ಒತ್ತಿಹಿಡಿಯದೆ ಎಗರಿಸುತ್ತದೆ. ಒದ್ದೆ ಟಾರಿನ ಮೇಲೆ ಎಗರುವ ಟೈರಿಗೆ ಬ್ರೇಕ್ ಇಲ್ಲ. ಗಾಡಿಯಲ್ಲಿ ಸದಾ ಇರುವ ತೂಕಕ್ಕೆ ಸ್ಪ್ರಿಂಗ್ ಕೊಳ್ಳಬೇಕು. ಮೂಟೆಗೆ ಪಿಕಪ್ ಕರೆಯಿರಿ. ಗಾಡಿಯ ಮುಂಭಾಗಕ್ಕೆ ಕಬ್ಬಿಣದ ಬಂಪರ್, ಹಗ್ಗ ಎಳೆಯುವ ವಿಂಚ್ ಹೊರಿಸಿದವರ ಲೆಕ್ಕ ಬೇರೆ, ಅದು ಸದಾ ಇರುವ ತೂಕ.

ಟೈರಿನ ಗಣಿತ ಸುಲಭ, ಮಾಡುವವರಿಲ್ಲ. 235/70 ಆರ್ 16 (ಅಗಲ 235 ಮಿಲಿಮೀಟರ್, ಪಕ್ಕದ ಗೋಡೆ ಅದರ ಶೇಕಡಾ 70, ರಿಮ್ 16 ಇಂಚು) ಟೈರಿನ ವ್ಯಾಸ ಸುಮಾರು 735 ಮಿಲಿಮೀಟರ್. 245/75 ಆರ್ 16 ಹಾಕಿದರೆ 774. ಹೆಚ್ಚಿದ್ದು 39, ಡಿಫರೆನ್ಶಿಯಲ್ ಗುಂಡು ಏರಿದ್ದು 19 ಚಿಲ್ಲರೆ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಹೋಗುತ್ತಿರುವುದು 63ರಲ್ಲಿ. ಗೇರು ಅಷ್ಟೇ ಉದ್ದವಾಗಿ ಭಾಗಮಂಡಲದಿಂದ ತಲಕಾವೇರಿಯ ಏರಿನಲ್ಲಿ ಥರ್ಡ್ ಹಿಡಿಯುತ್ತಿದ್ದ ಕಡೆ ಸೆಕೆಂಡ್ ಕೇಳುತ್ತದೆ. ಇದಕ್ಕಿಂತ ದೊಡ್ಡದಕ್ಕೆ ಹೋದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಮಡ್‌ಗಾರ್ಡನ್ನೋ ಚಾಸಿಯನ್ನೋ ತಿಕ್ಕುತ್ತದೆ. ಟೈರ್ ಎಷ್ಟು ಹೊರುತ್ತದೆ ಎಂಬ ಅಂಕಿ, ಲೋಡ್ ಇಂಡೆಕ್ಸ್, ಮೂಲ ಟೈರಿಗಿಂತ ಕಮ್ಮಿ ಆಗಬಾರದು. 105 ಎಂದರೆ ಒಂದು ಟೈರಿಗೆ 925 ಕೆಜಿ. ಸೈಡ್‌ವಾಲಿನ ನಾಲ್ಕಂಕಿಯ ತಾರೀಕನ್ನೂ ಓದಿ: 3419 ಎಂದಿದ್ದರೆ 2019ರ 34ನೇ ವಾರದ ಮಾಲು. ಆಫರಿನಲ್ಲಿ ಕೊಡುವ ಟೈರ್ ಯಾಕೆ ಆಫರಿನಲ್ಲಿದೆ ಎಂಬುದಕ್ಕೆ ಉತ್ತರ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಬಟನ್ ದಪ್ಪಗಿರುವ ಮಡ್ ಟೈರ್ ನೋಡಲು ಚಂದ. ಆದರೆ ಕೊಡಗಿನಲ್ಲಿ ಗಾಡಿ ಓಡುವುದು ಎಲ್ಲಿ? ಬಹುಪಾಲು ಒದ್ದೆ ಟಾರ್, ಕೊನೆಯ ಒಂದು ಕಿಲೋಮೀಟರ್ ಕೆಸರು. ಮಡ್ ಟೈರಿನ ಬಟನ್ನುಗಳಲ್ಲಿ ನೀರು ಕತ್ತರಿಸುವ ಸಣ್ಣ ಸೀಳುಗಳು ಕಮ್ಮಿ. ಮಾಕುಟ್ಟ ಘಾಟಿ ಇಳಿಯುವಾಗ ಎದುರಿಗೆ ಬಸ್ಸು ಬಂದರೆ ಬೇಕಾಗುವುದು ಆ ಸೀಳುಗಳೇ. ಅರವತ್ತು ದಾಟಿದರೆ ಹೊರಡುವ ಗುಂಯ್‌ಗುಂಯ್ ಸದ್ದಿನಲ್ಲಿ ಮನೆಯವರ ಮಾತು ಕೇಳಿಸುವುದಿಲ್ಲ ಎಂಬ ಲಾಭವನ್ನು ಒಪ್ಪಬಹುದು. ನನ್ನ ಮತ ಟಾರು, ಕೆಸರು ಎರಡಕ್ಕೂ ಆಗುವ ಆಲ್ ಟೆರೇನ್ ಟೈರಿಗೆ, ಮೂಲ ಸೈಜಿನಲ್ಲಿ ಅಥವಾ ಒಂದೇ ಮೆಟ್ಟಿಲು ಮೇಲೆ. ಟಾರಿನ ಮೇಲೆ ಗಾಡಿಯ ಬಾಗಿಲಲ್ಲಿ ಬರೆದಷ್ಟು ಗಾಳಿ. ಕೆಸರಿಗಿಳಿಯುವ ಮುಂಚೆ 18-20 ಪಿಎಸ್‌ಐಗೆ ಇಳಿಸಿ, ನಿಧಾನಕ್ಕೆ ದಾಟಿ, ಟಾರ್ ಹತ್ತಿದ ಕೂಡಲೇ ತುಂಬಿಸಿ. ಟ್ಯೂಬ್ ಇರುವ ಟೈರಾದರೆ ಅಷ್ಟು ಇಳಿಸಬೇಡಿ. ಟೈರ್ ರಿಮ್ಮಿನ ಮೇಲೆ ಜಾರಿ ಟ್ಯೂಬಿನ ನೆಕ್ ಕಿತ್ತುಹೋಗುತ್ತದೆ.

ಹಳೆಯ ಮಹೀಂದ್ರ ಜೀಪುಗಳಿಗೆ 6.00-16ರ ಸಪೂರ ಟೈರ್ ಇತ್ತು. ಅಗಲದ ಗೀಳಿಲ್ಲದ ಆ ಟೈರ್ ಮೇಲಿನ ಕೆಸರನ್ನು ಸೀಳಿ ಅಡಿಯ ಗಟ್ಟಿ ನೆಲ ಹುಡುಕಿಕೊಳ್ಳುತ್ತಿತ್ತು. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಟೈರಿಗೆ ಚೈನ್ ಕಟ್ಟಿದರೆ ತೋಟದ ಕಾರ್ಮಿಕರ ಲೈನ್ ಮನೆಯವರೆಗೂ ಹೋಗಿಬರುತ್ತಿತ್ತು. ಎಸ್ಟೇಟ್ ಡ್ರೈವರುಗಳು ಟಕ್ ಎಂಬ ಒಂದು ಸದ್ದಿಗೆ ಯಾವ ಪಕ್ಕದ ಎಷ್ಟನೇ ಪ್ಲೇಟು ತುಂಡಾಗಿದೆ ಎಂದು ಹೇಳುತ್ತಿದ್ದರು, ಸಂಜೆಯೊಳಗೆ ಪೇಟೆಯಲ್ಲಿ ಪ್ಲೇಟು ಸಿಗುತ್ತಿತ್ತು. ಆ ಡ್ರೈವರುಗಳು ಒಬ್ಬೊಬ್ಬರಾಗಿ ಹೋದರು. 1985ರಲ್ಲಿ ಬಂದ ಜಿಪ್ಸಿಯ ತಯಾರಿಕೆ 2019ರಲ್ಲಿ ನಿಂತಿತು. ಈಗ ಒಂದು ಬುಶ್ಶಿಗೆ ಕೊರಿಯರ್ ಕಾಯಬೇಕು, ಕಾಯುವ ಅಷ್ಟೂ ದಿನ ಗಾಡಿ ಅಂಗಳದಲ್ಲಿ ನಿಂತಿರುತ್ತದೆ, ಬಂದವರೆಲ್ಲ ಒದೆಯುತ್ತಾರೆ.

ಕಾನೂನು ಎಂಬುದೂ ಒಂದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಮಾಡಿತು. ಹದಿನೈದು ವರ್ಷ ದಾಟಿದ, ಕೊಡಗಿನ ನೋಂದಣಿಯ ಕೆಎ 12 ಗಾಡಿ ಆರ್‌ಸಿ ನವೀಕರಣಕ್ಕೆ ಇನ್‌ಸ್ಪೆಕ್ಟರ್ ಎದುರು ನಿಲ್ಲಲೇಬೇಕು. ಅವರು ಟೈರಿಗೆ ಒದೆಯುವುದಿಲ್ಲ, ಓದುತ್ತಾರೆ.

ಕೈಯಲ್ಲಿ ದುಡ್ಡಿದ್ದರೆ ಮೊದಲು ಬುಶ್‌ಗಳು. ರಬ್ಬರಿನದೇ ಸಾಕು, ಪಾಲಿಯುರೆಥೇನ್ ಬಾಳುತ್ತದೆ, ಆದರೆ ಗ್ರೀಸ್ ಆರಿದ ದಿನದಿಂದ ಕಿರ್ ಕಿರ್. ರಬ್ಬರ್ ಬುಶ್ಶಿನ ಬೋಲ್ಟನ್ನು ಚಕ್ರ ನೇತಾಡುವಾಗ ಬಿಗಿ ಮಾಡಲು ಬಿಡಬೇಡಿ. ಗಾಡಿ ನೆಲಕ್ಕಿಳಿದು ತನ್ನ ಭಾರದ ಮೇಲೆ ಕೂತ ನಂತರ ಬಿಗಿಯಾಗಬೇಕು, ಇಲ್ಲವಾದರೆ ರಬ್ಬರ್ ಹುಟ್ಟುವಾಗಲೇ ತಿರುಚಿಕೊಂಡು ಬೇಗ ಹರಿಯುತ್ತದೆ. ಹಾಯ್ಸ್ಟ್ ಮೇಲೆಯೇ ಎಲ್ಲ ಮುಗಿಸಿ ಕೈ ಒರೆಸಿಕೊಳ್ಳುವ ಮೆಕ್ಯಾನಿಕ್ಕಿಗೆ ಇದನ್ನು ಹೇಳಿದರೆ ಮುಖ ಸಿಂಡರಿಸುತ್ತಾನೆ, ಪರವಾಗಿಲ್ಲ. ಆಮೇಲೆ ಶಾಕ್, ನಾಲ್ಕೂ ಒಟ್ಟಿಗೆ. ಆಕ್ಸಲಿನ ಉಸಿರುಗಂಡಿಗೆ, ಅಂದರೆ ಬ್ರೀದರಿಗೆ, ಒಂದು ಪೈಪ್ ಸೇರಿಸಿ ಬಾನೆಟ್ ಎತ್ತರಕ್ಕೆ ತನ್ನಿ. ಬಿಸಿ ಆಕ್ಸಲ್ ತಣ್ಣೀರಿಗಿಳಿದರೆ ಬ್ರೀದರಿನಿಂದಲೇ ನೀರು ಎಳೆದುಕೊಂಡು ಎಣ್ಣೆ ಬೆಳ್ಳಗೆ ಕಲಕಿಹೋಗುತ್ತದೆ. ಸ್ಪ್ರಿಂಗ್ ಬಿಚ್ಚಿದರೆ ಅದನ್ನು ಆಕ್ಸಲಿಗೆ ಕಟ್ಟುವ ಯು ಬೋಲ್ಟ್ ಹೊಸದು, 500 ಕಿಲೋಮೀಟರಿಗೆ ಮತ್ತೊಮ್ಮೆ ಬಿಗಿ. ಇಷ್ಟೆಲ್ಲ ಆದ ಮೇಲೂ ಎತ್ತಬೇಕೆನಿಸಿದರೆ ನೋಡೋಣ.

ಟೈರ್ ಕೊಳ್ಳುವಾಗ ಐದು ಕೊಳ್ಳಿ. ನಾಲ್ಕು ಹೊಸದು ದೊಡ್ಡದು, ಸ್ಟೆಪ್ನಿ ಹಳೆಯದು ಸಣ್ಣದು ಎಂದಾದರೆ ಆ ಸ್ಟೆಪ್ನಿ ಹಾಕಿದ ಹೊತ್ತಿನಲ್ಲಿ ಫೋರ್ ವೀಲ್ ಹಾಕುವಂತಿಲ್ಲ. ಹಿಂದೆ ಮುಂದೆ ವ್ಯಾಸ ಬೇರೆಯಾಗಿ ಎರಡೂ ಕಡೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ತಿರುಚಿಕೊಳ್ಳುತ್ತದೆ. ಪಂಚರ್ ಆಗುವುದು ಮಾತ್ರ ಫೋರ್ ವೀಲ್ ಬೇಕಾದ ಜಾಗದಲ್ಲೇ. ಐದನೆಯದೂ ದೊಡ್ಡದಾದರೆ ಹಿಂಬಾಗಿಲಿನ ಕೀಲು ಜೋಲುತ್ತದೆ, ಅದನ್ನೂ ಬಿಗಿ ಮಾಡಿಸಬೇಕು. ಮತ್ತೆ ಜ್ಯಾಕ್. ಎತ್ತಿಸಿದ ಗಾಡಿಯಲ್ಲಿ ಚಾಸಿಗೆ ಕೊಡುವ ಕಂಪನಿ ಜ್ಯಾಕ್ ಅಷ್ಟು ಮೇಲೆ ಮುಟ್ಟುವುದಿಲ್ಲ. ಆಕ್ಸಲ್ ಅಡಿಗೆ ಕೊಡಬೇಕು, ಮಣ್ಣಿನಲ್ಲಿ ಹೂತುಹೋಗದಂತೆ ಕೆಳಗೆ ಒಂದು ಅಗಲದ ಹಲಗೆ ಬೇಕು. ತೋಟದಲ್ಲಿ ಬಿದ್ದಿರುವ ಸಿಲ್ವರ್ ಓಕ್ ತುಂಡು ಬೇಡ, ಭಾರಕ್ಕೆ ಸೀಳುತ್ತದೆ. ಹಲಸಿನದೋ ಹೊನ್ನೆಯದೋ ಇರಲಿ, ದಪ್ಪ ಎರಡಿಂಚು.