ನಗಿಸಿ ನಗಿಸಿ ಟಿಕೆಟ್ ಕೊಡುತ್ತಿದ್ದವನು

ಬಸ್ ಕಂಡಕ್ಟರ್‌ಗಳು ಬರೀ ಸಿಡುಕುತ್ತಾರೆ ಅಂತ ಲೇಖನದಲ್ಲಿ ಬರೆದಿದ್ದೀರಿ. ಇರಬಹುದು. ಎಲ್ಲರೂ ಐನೂರರ ನೋಟು ಚಾಚಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಆದರೆ ನನ್ನ ಜೊತೆ ಹಾಸನ–ಬೇಲೂರು–ಚಿಕ್ಕಮಗಳೂರು ರೂಟಿನಲ್ಲಿ ಇದ್ದವನು ಬೇರೆಯೇ ಥರ. ನಾನು ಡ್ರೈವರ್, ಅವನು ಕಂಡಕ್ಟರ್. ಡ್ಯೂಟಿಗೆ ಸೇರಿದಾಗಿನಿಂದ ಗೆಳೆಯರು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗ ಒಬ್ಬ ಅಜ್ಜಿ, "ಬಿಟ್ಟಿ ಬರಲ್ಲ ಕಣಪ್ಪ, ದುಡ್ಡು ತಗೋ" ಅಂತ ಹಠ ಹಿಡಿದರು. ಇವನು ಶೂನ್ಯ ಟಿಕೆಟ್ ಕೈಗಿಟ್ಟು, "ಸರಿ ಅಜ್ಜಿ, ಸೊನ್ನೆ ರೂಪಾಯಿ ಕೊಡಿ. ಚಿಲ್ಲರೆ ಇದ್ರೆ ಒಳ್ಳೇದು" ಅಂದ. ಬಸ್ಸೆಲ್ಲ ನಗು. ಅಜ್ಜಿ ಬಿಡಲಿಲ್ಲ, ಹಲಸಿನ ತೊಳೆ ಕೊಟ್ಟೇ ಇಳಿದರು.

ಹಾಸನಾಂಬೆ ದರ್ಶನದ ದಿನಗಳಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. "ದೇವಿ ವರ್ಷಕ್ಕೊಮ್ಮೆ ಬಾಗಿಲು ತೆಗೀತಾಳೆ, ನಾವು ಸ್ಟಾಪಿಗೊಮ್ಮೆ ತೆಗೀಬೇಕು, ಒಳಗೆ ಸರೀರಿ!" ಎಂದು ಕೂಗುತ್ತಿದ್ದ. ಜಗಳಕ್ಕೆ ನಿಂತವರೂ ನಕ್ಕು ಸರಿಯುತ್ತಿದ್ದರು.

ಕತ್ತಲಾದ ಮೇಲೆ ಕಾಲೇಜು ಹುಡುಗಿ ಕ್ರಾಸಿನಲ್ಲಿ ಒಬ್ಬಳೇ ಇಳಿದರೆ, ಅವಳ ಮನೆಯವರ ಬೈಕ್ ಬರುವ ತನಕ ಸೀಟಿ ಊದುತ್ತಿರಲಿಲ್ಲ. ಲೇಟಾಯ್ತು ಅಂತ ನಾನು ಹಾರನ್ ಹೊಡೆದರೆ, "ನಿನ್ನ ಮಗಳಾಗಿದ್ರೆ ಹೊರಡ್ತಿದ್ಯಾ ಅಣ್ಣ?" ಅನ್ನುತ್ತಿದ್ದ. ಏನು ಹೇಳಲಿ!

ಸುಮ್ನೆ ಹೊಗಳುತ್ತಿಲ್ಲ. ಲೆಕ್ಕ ಒಪ್ಪಿಸುವುದರಲ್ಲಿ ಮಹಾ ಸೋಮಾರಿ, ನನ್ನನ್ನು ಡಿಪೋದಲ್ಲಿ ಕಾಯಿಸುತ್ತಿದ್ದ. ಹೋದ ಮಳೆಗಾಲದಲ್ಲಿ ಹೃದಯಾಘಾತವಾಗಿ ತೀರಿಕೊಂಡ. ಬೇಲೂರು ಸ್ಟ್ಯಾಂಡಿನ ಹೂವಿನವರು ಈಗಲೂ ಅವನ ಬಗ್ಗೆಯೇ ಮಾತಾಡುತ್ತಾರೆ. ಮುಂದಿನ ಸಲ ಇಂಥವರ ಬಗ್ಗೆಯೂ ನಾಲ್ಕು ಸಾಲು ಬರೆಯಿರಿ ಸರ್.